ಮೊಳಕೆಯ ಕಾಳಿನ ಚರಿತ್ರೆ: ಬೆಳಗಾವಿಯ ದಂಡು, ಖಾನಾಪುರದ ರಾಗಿ



ಅರಸರಿಗೆ, ಕೋಟೆಗಳಿಗೆ ಇರುವಂತೆ ಧಾನ್ಯಗಳಿಗೂ ಒಂದು ಇತಿಹಾಸವಿದೆ. ಕಾಳನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿದರೆ ಅದು ಮಾಲ್ಟ್ ಆಗುತ್ತದೆ. ಕೂಸಿನ ಗಂಜಿಗೂ ಮಾಲ್ಟ್ ಬೇಕು, ಬಿಯರ್ ತಯಾರಿಕೆಗೂ ಮಾಲ್ಟ್ ಬೇಕು. ಯಾವ ಕಾಳಿನ ಮಾಲ್ಟ್ ಆಧಾರವಾಗಬೇಕು ಎಂಬ ಪ್ರಶ್ನೆಗೆ ಉತ್ತರ ಕೊಟ್ಟದ್ದು ನಾಲಗೆಯ ರುಚಿಯೊಂದೇ ಅಲ್ಲ. ಕಾಳಿನ ಗುಣ, ಸರಕು ಸಾಗುವ ದಾರಿ ಮತ್ತು ಆಳುವ ಸರಕಾರ, ಈ ಮೂರೂ ಸೇರಿ ಅದನ್ನು ನಿರ್ಧರಿಸಿದವು. ಬೆಳಗಾವಿ ಸೀಮೆಯನ್ನು ಮುಂದಿಟ್ಟುಕೊಂಡು ಇದನ್ನು ಪರಿಶೀಲಿಸೋಣ.

ಮೊಳಕೆಯೊಳಗಿನ ಶಕ್ತಿ

ಕಾಳಿನಲ್ಲಿ ಪಿಷ್ಟ ತುಂಬಿರುತ್ತದೆ. ಮೊಳೆಯುವಾಗ ಕಾಳು ತನ್ನೊಳಗೆ ಕೆಲವು ಕಿಣ್ವಗಳನ್ನು ಸಿದ್ಧಪಡಿಸಿಕೊಂಡು, ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತದೆ. ಫ್ರಾನ್ಸಿನ ವಿಜ್ಞಾನಿಗಳಾದ ಪಾಯೆನ್ ಮತ್ತು ಪರ್ಸೋಜ್ 1833ರಲ್ಲಿ ಈ ಶಕ್ತಿಯನ್ನು ಮಾಲ್ಟಿನಿಂದ ಬೇರ್ಪಡಿಸಿ 'ಡಯಾಸ್ಟೇಸ್' ಎಂದು ಹೆಸರಿಟ್ಟರು. ಇಂದು ಈ ಗುಂಪಿನ ಮುಖ್ಯ ಕಿಣ್ವಗಳನ್ನು ಅಮೈಲೇಸ್ ಎನ್ನುತ್ತೇವೆ. ಬಿಯರ್ ತಯಾರಿಕೆಯಲ್ಲಿ ಈ ಸಕ್ಕರೆಯನ್ನು ಯೀಸ್ಟ್ ಮದ್ಯಸಾರವಾಗಿ ಮಾರ್ಪಡಿಸುತ್ತದೆ.

ಆದ್ದರಿಂದ ಆಧಾರ ಮಾಲ್ಟಿನಲ್ಲಿ ಎರಡು ಗುಣಗಳಿರಬೇಕು: ಪಿಷ್ಟ ಹೇರಳವಾಗಿರಬೇಕು, ಅದನ್ನು ಒಡೆಯುವ ಕಿಣ್ವವೂ ಜೀವಂತವಾಗಿರಬೇಕು. ಹದವಾದ ಕಾವಿನಲ್ಲಿ ಒಣಗಿಸಿದ ತಿಳಿಬಣ್ಣದ ಮಾಲ್ಟಿನಲ್ಲಿ ಎರಡೂ ಇರುತ್ತವೆ. ಕಪ್ಪಾಗುವವರೆಗೆ ಹುರಿದರೆ ಬಣ್ಣ ಮತ್ತು ಘಮ ಬರುತ್ತವೆ, ಕಿಣ್ವ ಮಾತ್ರ ಸಾಯುತ್ತದೆ.

ಈ ವಿಷಯದಲ್ಲಿ ಬಾರ್ಲಿಗೆ ಸಮನಾದ ಧಾನ್ಯ ವಿರಳ. ಅದರಲ್ಲಿ ಕಿಣ್ವಬಲ ಹೆಚ್ಚು. ಕಾಳಿಗೆ ಅಂಟಿಕೊಂಡ ಹೊಟ್ಟು ರಸವನ್ನು ಸೋಸುವ ಜರಡಿಯಾಗುತ್ತದೆ. (ನಮ್ಮ ಕಡೆ ಜವೆಗೋದಿ ಎಂದರೆ ಕಪ್ಲಿ ಗೋದಿ ಎಂಬ ಅರ್ಥವೂ ಇದೆ, ಇಲ್ಲಿ ಹೇಳುತ್ತಿರುವುದು ಅದಲ್ಲ.) ಜೋಳದಲ್ಲಿ ಪಿಷ್ಟಕ್ಕೆ ಕೊರತೆಯಿಲ್ಲ. ಆದರೆ ಅದು ಕರಗಿ ಗಂಜಿಯಾಗಲು ಬಾರ್ಲಿಗಿಂತ ಹೆಚ್ಚು ಕಾವು ಬೇಕು, ಅಷ್ಟು ಕಾವಿನಲ್ಲಿ ಕಿಣ್ವ ಉಳಿಯುವುದು ಕಷ್ಟ. ಸೋಸಲು ನೆರವಾಗುವ ಹೊಟ್ಟೂ ಅದಕ್ಕಿಲ್ಲ.

ದಂಡಿನೊಡನೆ ಬಂದ ಪಾನೀಯ

1818ರ ಏಪ್ರಿಲ್‌ನಲ್ಲಿ ಥಾಮಸ್ ಮನ್ರೋನ ಸೇನೆ ಬೆಳಗಾವಿ ಕೋಟೆಯನ್ನು ಗೆದ್ದಿತು. ಮುಂದೆ ಕೋಟೆಯ ಹೊರಗೆ ಬ್ರಿಟಿಷರ ದಂಡು ನೆಲೆನಿಂತಿತು. ಜನ ಇಂದಿಗೂ ಆ ಭಾಗವನ್ನು 'ಕ್ಯಾಂಪ್' ಎಂದೇ ಕರೆಯುತ್ತಾರೆ. ಭಾರತದಲ್ಲಿದ್ದ ಆಂಗ್ಲ ಸೈನಿಕರಿಗಾಗಿ ಇಂಗ್ಲೆಂಡಿನಿಂದ ಪೀಪಾಯಿಗಟ್ಟಲೆ ಕಪ್ಪು ಬಣ್ಣದ 'ಪೋರ್ಟರ್' ಬಿಯರ್ ಬರುತ್ತಿತ್ತು. ತಿಳಿಬಣ್ಣದ 'ಪೇಲ್ ಏಲ್' ಹೆಚ್ಚಾಗಿ ಅಧಿಕಾರಿಗಳ ಮೇಜಿನ ಪಾನೀಯವಾಗಿತ್ತು.

ಇಲ್ಲೊಂದು ಸ್ವಾರಸ್ಯವಿದೆ. ಹಿಂದೆ ಪೋರ್ಟರನ್ನು ಕಂದು ಮಾಲ್ಟಿನಿಂದ ಮಾಡುತ್ತಿದ್ದರು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ರಸದ ಸಾಂದ್ರತೆಯನ್ನು ಅಳೆಯುವ ಉಪಕರಣ ಬಳಕೆಗೆ ಬಂದಾಗ, ಅದೇ ಹಣಕ್ಕೆ ತಿಳಿ ಮಾಲ್ಟ್ ಹೆಚ್ಚು ಸತ್ವ ಕೊಡುತ್ತದೆಂದು ತಿಳಿಯಿತು. ತಯಾರಕರು ಕಂದು ಮಾಲ್ಟನ್ನು ಕಡಿಮೆ ಮಾಡುತ್ತ ಬಂದರು. ಆದರೆ ಕಪ್ಪು ಬಣ್ಣ ಎಲ್ಲಿಂದ ಬರಬೇಕು? 1817ರಲ್ಲಿ ಡೇನಿಯಲ್ ವೀಲರ್ ಎಂಬಾತ ಮಾಲ್ಟನ್ನು ಕಪ್ಪಗೆ ಹುರಿಯುವ ವಿಧಾನಕ್ಕೆ ಪೇಟೆಂಟ್ ಪಡೆದ. ಅದರ ಒಂದು ಸಣ್ಣ ಪಾಲು ಬಣ್ಣಕ್ಕೆ ಸಾಕಾಯಿತು. ಹೀಗೆ ಹೊರಗೆ ಬೇರೆಬೇರೆಯಾಗಿ ಕಂಡರೂ, ಸಿಪಾಯಿಯ ಕಪ್ಪು ಬಿಯರಿಗೂ ಅಧಿಕಾರಿಯ ತಿಳಿ ಬಿಯರಿಗೂ ತಿಳಿಬಣ್ಣದ ಬಾರ್ಲಿ ಮಾಲ್ಟೇ ಆಧಾರವಾಯಿತು.

ಆ ದಿನಗಳಲ್ಲಿ ಬೆಳಗಾವಿಗೆ ಸಮುದ್ರದ ಸರಕು ವೆಂಗುರ್ಲಾ ಬಂದರಿನಿಂದ ಘಟ್ಟ ಹತ್ತಿ ಬರುತ್ತಿತ್ತು. 1880ರ ದಶಕದ ಕೊನೆಗೆ ಖಾನಾಪುರ ತಾಲ್ಲೂಕಿನ ಲೋಂಡಾ ಮಾರ್ಗವಾಗಿ ರೈಲು ಓಡತೊಡಗಿತು. ಅಷ್ಟರಲ್ಲಿ ಭಾರತದಲ್ಲೂ ಬಿಯರ್ ಕಾರ್ಖಾನೆಗಳು ಎದ್ದಿದ್ದವು. ದಕ್ಷಿಣದ ಐದು ಕಾರ್ಖಾನೆಗಳನ್ನು ಕೂಡಿಸಿ ಥಾಮಸ್ ಲೀಶ್‌ಮನ್ 1915ರಲ್ಲಿ ಯುನೈಟೆಡ್ ಬ್ರೂವರೀಸ್ ಕಟ್ಟಿದ. ಕಾರ್ಖಾನೆ ಹತ್ತಿರ ಬಂದರೂ ಕಾಳು ಹತ್ತಿರ ಬರಲಿಲ್ಲ. ಚಳಿಯನ್ನು ಬಯಸುವ ಬಾರ್ಲಿ ರಾಜಸ್ಥಾನ, ಉತ್ತರ ಪ್ರದೇಶ, ಹರಿಯಾಣಗಳ ಬೆಳೆಯೇ ಹೊರತು ನಮ್ಮ ಹೊಲದ ಬೆಳೆಯಲ್ಲ.

ನಮ್ಮ ಹೊಲದ ಕಾಳು

ಬೆಳಗಾವಿ ಜಿಲ್ಲೆಯ ಪೂರ್ವದಲ್ಲಿ ಸವದತ್ತಿ, ರಾಮದುರ್ಗಗಳ ಬಯಲು ಜೋಳದ ಸೀಮೆ. ಪಶ್ಚಿಮದಲ್ಲಿ, ಮಲಪ್ರಭೆ ಹುಟ್ಟುವ ಕಣಕುಂಬಿಯ ಸುತ್ತ, ಮಳೆ ಸುರಿಯುವ ಖಾನಾಪುರ ತಾಲ್ಲೂಕಿನಲ್ಲಿ ಗದ್ದೆಗಳಲ್ಲಿ ಭತ್ತ, ಇಳಿಜಾರಿನಲ್ಲಿ ರಾಗಿ. ಮರಾಠಿ ಮಾತನಾಡುವ ನೆರೆಯವರು ಅದನ್ನು ನಾಚಣಿ ಎನ್ನುತ್ತಾರೆ. ಈ ರಾಗಿಯನ್ನು ಮಾಲ್ಟ್ ಮಾಡಲು ಯಾವ ಪೇಟೆಂಟೂ ಬೇಕಾಗಿರಲಿಲ್ಲ. ರಾತ್ರಿ ನೆನೆಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿ, ಎರಡು ಮೂರು ದಿನ ಮೊಳಕೆ ಬರಿಸಿ, ಒಣಗಿಸಿ, ಬೇರನ್ನು ಉಜ್ಜಿ ತೆಗೆದು, ಹದವಾಗಿ ಹುರಿದು ಬೀಸುವ ಪದ್ಧತಿ ಮನೆಯ ಹೆಂಗಸರ ಕೈಯಲ್ಲೇ ಇತ್ತು.

ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದ ಅಧ್ಯಯನಗಳು ಈ ಪದ್ಧತಿಯ ಮರ್ಮವನ್ನು ತೋರಿಸಿಕೊಟ್ಟವು. ಕಿರುಧಾನ್ಯಗಳಲ್ಲಿ ಮಾಲ್ಟ್ ಮಾಡಲು ರಾಗಿ ಬಹಳ ಯೋಗ್ಯ; ಮೊಳೆತಾಗ ಅದರಲ್ಲಿ ಅಮೈಲೇಸ್ ಚೆನ್ನಾಗಿ ಬೆಳೆಯುತ್ತದೆ. ಸಾದಾ ಹಿಟ್ಟಿನ ಗಂಜಿ ಬೇಗ ಗಟ್ಟಿಯಾಗುತ್ತದೆ. ಅದನ್ನು ತೆಳುಮಾಡಲು ನೀರು ಸುರಿದರೆ ಕೂಸಿನ ಹೊಟ್ಟೆ ತುಂಬುತ್ತದೆ, ಸತ್ವ ಸಾಲದು. ಮಾಲ್ಟ್ ಹಿಟ್ಟಿನ ಗಂಜಿ ತೆಳುವಾಗಿಯೇ ಉಳಿಯುವುದರಿಂದ ಅಷ್ಟೇ ಬಟ್ಟಲಿನಲ್ಲಿ ಹೆಚ್ಚು ಆಹಾರ ಸೇರುತ್ತದೆ. ಜೋಳಕ್ಕೆ ಮಾತ್ರ ಎಚ್ಚರಿಕೆ ಅಗತ್ಯ. ಅದರ ಎಳೆಯ ಮೊಳಕೆ ಮತ್ತು ಬೇರುಗಳಲ್ಲಿ ಸಯನೈಡ್ ಬಿಡುಗಡೆ ಮಾಡುವ ವಸ್ತು ಇರುವುದರಿಂದ ಅವನ್ನು ತೆಗೆದುಹಾಕಲೇಬೇಕು.

ಸರಕಾರದ ಕೈ

ಮುಂಬಯಿ ಪ್ರಾಂತದ 1878ರ ಅಬಕಾರಿ ಕಾಯದೆ ಮದ್ಯದ ತಯಾರಿಕೆ ಮತ್ತು ಮಾರಾಟಕ್ಕೆ ಪರವಾನಗಿಯ ಬೇಲಿ ಹಾಕಿತು. ಅದು ಬೊಕ್ಕಸಕ್ಕೆ ಆದಾಯದ ದಾರಿಯೂ ಆಯಿತು. 1924ರ ಡಿಸೆಂಬರಿನಲ್ಲಿ ಗಾಂಧೀಜಿ ಬೆಳಗಾವಿಯ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷತೆ ವಹಿಸಿದಾಗ, ಪಾನನಿರೋಧ ಅವರ ರಚನಾತ್ಮಕ ಕಾರ್ಯಗಳ ಭಾಗವಾಗಿತ್ತು. ಸ್ವಾತಂತ್ರ್ಯಾನಂತರ 1949ರ ಮುಂಬಯಿ ಪಾನನಿರೋಧ ಕಾಯದೆ ಬಂತು. 1956ರ ನವೆಂಬರ್ 1ರಂದು ಮೈಸೂರು ರಾಜ್ಯವನ್ನು ಸೇರುವವರೆಗೆ ಬೆಳಗಾವಿ ಮುಂಬಯಿ ರಾಜ್ಯದಲ್ಲೇ ಇತ್ತು.

ಸರಕಾರದ ಒಂದು ಆಜ್ಞೆ ಕಾಳಿನ ಹಣೆಬರಹವನ್ನೇ ಬದಲಿಸಬಲ್ಲದು ಎಂಬುದಕ್ಕೆ ನೈಜೀರಿಯಾ ಸಾಕ್ಷಿ. ವಿದೇಶಿ ವಿನಿಮಯ ಉಳಿಸಲು ಆ ದೇಶ 1988ರಲ್ಲಿ ಬಾರ್ಲಿ ಮಾಲ್ಟಿನ ಆಮದನ್ನು ನಿಷೇಧಿಸಿತು. ಅಲ್ಲಿನ ಬಿಯರ್ ಕಾರ್ಖಾನೆಗಳು ತಮ್ಮದೇ ಜೋಳದತ್ತ ತಿರುಗಿದವು. ಕಡಿಮೆ ಬಿದ್ದ ಕಿಣ್ವವನ್ನು ಹೊರಗಿನಿಂದ ಬೆರೆಸಿದವು. ಕೀಳೆಂದು ಬದಿಗಿಟ್ಟ ಕಾಳು ಅಗತ್ಯ ಬಿದ್ದಾಗ ಆಧಾರವಾಯಿತು.

ಮದ್ಯದ ಒಳಿತು ಕೆಡಕುಗಳ ಚರ್ಚೆ ಬೇರೆ. ನಮ್ಮ ಸಂವಿಧಾನದ 47ನೆಯ ವಿಧಿ ಪೌಷ್ಟಿಕತೆಯ ಮಟ್ಟವನ್ನು ಏರಿಸುವುದು ರಾಜ್ಯದ ಕರ್ತವ್ಯ ಎನ್ನುತ್ತದೆ, ಮಾದಕ ಪಾನೀಯಗಳ ನಿಷೇಧಕ್ಕೆ ಯತ್ನಿಸಬೇಕೆಂದೂ ಅದೇ ಉಸಿರಿನಲ್ಲಿ ಹೇಳುತ್ತದೆ. ಮಾಲ್ಟಿನ ಎರಡು ದಾರಿಗಳೂ ಒಂದೇ ವಿಧಿಯಲ್ಲಿ ಎದುರುಬದುರಾಗಿ ನಿಂತಿವೆ.

ಮಾಡಿ ನೋಡಿ: ಹಿರಿಯರ ನೆರವಿನಿಂದ ಸಾದಾ ರಾಗಿ ಹಿಟ್ಟಿನ ಗಟ್ಟಿ ಗಂಜಿಯನ್ನು ಎರಡು ಬಟ್ಟಲುಗಳಲ್ಲಿ ತೆಗೆದುಕೊಳ್ಳಿ. ಕುದಿ ಇಳಿದು ಬಿಸಿಯಾಗಿರುವಾಗಲೇ, ಮೊಳಕೆ ಬರಿಸಿ ಒಣಗಿಸಿದ, ಹುರಿಯದ ರಾಗಿಯ ಹಿಟ್ಟನ್ನು ಒಂದರಲ್ಲಿ ಒಂದು ಚಮಚ ಕಲಸಿ. ಸ್ವಲ್ಪ ಹೊತ್ತಿನಲ್ಲಿ ಯಾವ ಬಟ್ಟಲಿನ ಗಂಜಿ ತೆಳುವಾಗುತ್ತದೆ? ಅದೇ ಹಿಟ್ಟನ್ನು ಕಪ್ಪಗೆ ಹುರಿದು ಹಾಕಿದರೆ ಏನಾಗುತ್ತದೆ? ಕಾರಣ ಬರೆಯಿರಿ.