ಗಾಲಿ ಕಳಚದಂತೆ ಕಾದ ಕಡಾಣಿ

ನಂಜನಗೂಡು, ತಿರುಮಕೂಡಲು ನರಸೀಪುರ ಸೀಮೆಯ ಎತ್ತಿನ ಗಾಡಿಯಲ್ಲಿ ಗಾಲಿಯನ್ನು ಹಿಡಿದಿಡುತ್ತಿದ್ದುದು ಅಚ್ಚಿನ ತುದಿಯ ತೂತಿಗೆ ಇಳಿಸಿದ ಗೇಣುದ್ದಕ್ಕೂ ಕಡಿಮೆಯ ಕಬ್ಬಿಣದ ಕಡಾಣಿ. ಗಾಲಿ ಸ್ವಲ್ಪ ಸಡಿಲವಾಗಿಯೇ ತಿರುಗಬೇಕು, ಆದರೆ ಹೊರಕ್ಕೆ ಜಾರಬಾರದು. ಕಡಾಣಿಯನ್ನು ಮೇಲಿನಿಂದ ಇಳಿಸಿದ್ದರಿಂದ ಅದರ ಭಾರವೇ ಅದನ್ನು ತೂತಿನಲ್ಲಿ ಕೂರಿಸುತ್ತಿತ್ತು. ಹಳ್ಳದಿಣ್ಣೆಯಲ್ಲಿ ಗಾಡಿ ಕುಲುಕಿದಾಗ ಮಾತ್ರ ಅದು ಮೇಲಕ್ಕೆ ಎಗರುವ ಭಯ. ಅದಕ್ಕೇ ಅದರ ತಲೆ ದಪ್ಪ, ಕೆಲವೆಡೆ ಕೆಳತುದಿಗೆ ಹಗ್ಗದ ಬಿಗಿತವೂ ಉಂಟು. ಹರಳೆಣ್ಣೆಗೆ ಹುಲ್ಲು ಸುಟ್ಟ ಮಸಿ ಕಲಸಿದ ಕೀಲೆಣ್ಣೆ ಅಚ್ಚಿನ ಸವೆತವನ್ನು ತಡೆಯುತ್ತಿತ್ತು. ಎಣ್ಣೆ ಒಣಗಿದ ಗಾಲಿಯ ಕಿರುಚಾಟ ಗಾಡಿಯವನ ಸೋಮಾರಿತನವನ್ನು ಊರಿಗೇ ಸಾರುತ್ತಿತ್ತು.

ಭತ್ತ, ಬೆಲ್ಲ, ಜಾತ್ರೆಯ ಜನ ಎಲ್ಲವೂ ಗಾಡಿಯ ಮೇಲೆಯೇ ಸಾಗುತ್ತಿದ್ದ ಕಾಲವದು. ಕಪಿಲಾ ನದಿಯ ಮೇಲೆ ನಂಜನಗೂಡಿನ ಬಳಿ 1735ರಲ್ಲಿ ಕಟ್ಟಿದ ಸೇತುವೆ ಮೈಸೂರು ದಾರಿಯನ್ನು ಸುಗಮಗೊಳಿಸಿತು. 1891ರಲ್ಲಿ ರೈಲು ನಂಜನಗೂಡಿಗೆ ಬಂದರೂ ನಿಲ್ದಾಣದಿಂದ ಹಳ್ಳಿಗೆ ಗಾಡಿಯೇ ಗತಿ. ಮುಡುಕುತೊರೆಯ ದನದ ಜಾತ್ರೆಗೂ ಅದೇ ಸವಾರಿ.

ಗಾಡಿಯಂತೆ ತೇರಿಗೂ ಗಾಲಿಯೇ ಆಧಾರ. ನಂಜನಗೂಡಿನ ಶ್ರೀಕಂಠೇಶ್ವರನ ದೊಡ್ಡ ಜಾತ್ರೆಯಲ್ಲಿ ಐದು ತೇರುಗಳನ್ನು ಎಳೆಯುತ್ತಾರೆ. ದೊಡ್ಡದಾದ ಗೌತಮ ರಥಕ್ಕೆ ಗಾಲಿಯ ಬಿಗಿ ಇನ್ನೂ ಗಂಭೀರ ವಿಷಯ, ಸಾವಿರಾರು ಜನ ಮಿಣಿ ಹಿಡಿದು ಒಮ್ಮೆಲೇ ಎಳೆಯುವುದರಿಂದ.

ಗಾಡಿಗಳಲ್ಲಿ ಮರದ ಗಾಲಿಯ ಜಾಗಕ್ಕೆ ಟೈರು, ಬೇರಿಂಗು ಬಂದಾಗ ಬಡಗಿ, ಕಮ್ಮಾರರ ಗಾಲಿ-ಕಡಾಣಿಯ ಕೆಲಸ ಕಡಿಮೆಯಾಯಿತು. ಕಡಾಣಿಯ ಉಪಾಯ ಮಾತ್ರ ಉಳಿದಿದೆ: ಕಾರು, ಟ್ರ್ಯಾಕ್ಟರುಗಳ ಅಚ್ಚಿನ ನಟ್ಟು ಅದುರಿ ಬಿಚ್ಚಿಕೊಳ್ಳದಂತೆ ಇಂದೂ ಅಡ್ಡಲಾಗಿ ಸ್ಪ್ಲಿಟ್ ಪಿನ್ ತೂರಿಸುತ್ತಾರೆ.