ದಾರಿ ಖಾಲಿ ಇದೆ ಎಂದವರು ಯಾರು?

ಮದ್ರಾಸಿನಿಂದ ಪಶ್ಚಿಮ ಕರಾವಳಿಯ ಬೇಪೂರಿಗೆ ಹೊರಟ ರೈಲು ಹಳಿ 1862ರಲ್ಲಿ ತಿರುಪ್ಪೂರು ದಾಟಿ ಪಾಲ್ಘಾಟ್ ಕಣಿವೆಯತ್ತ ಸಾಗಿದಾಗ ಕೊಯಮತ್ತೂರು ಪಟ್ಟಣವನ್ನು ಪಕ್ಕಕ್ಕೆ ಬಿಟ್ಟಿತು. ಹಿರಿಮೆ ಸಿಕ್ಕಿದ್ದು ನೆರೆಯ ಪೋತನೂರಿಗೆ. 1873ರಲ್ಲಿ ಅಲ್ಲಿಂದ ಮೆಟ್ಟುಪಾಳ್ಯದ ಕಡೆಗೆ ಕವಲು ಹಳಿ ಬಿದ್ದ ಮೇಲೆಯೇ ಕೊಯಮತ್ತೂರಿನೊಳಗೆ ರೈಲು ಕೂಗಿದ್ದು.

ಆ ಕವಲು ಆಗ ಒಂಟಿ ಹಳಿಯದಾಗಿತ್ತು. ಒಂಟಿ ಹಳಿಯಲ್ಲಿ ಎರಡೂ ಕಡೆಯಿಂದ ಬಂಡಿ ಬರಬಹುದು, ಒಂದಕ್ಕೊಂದು ಕಾಣುವಷ್ಟರಲ್ಲಿ ಕಾಲ ಮೀರಿರುತ್ತದೆ. ಹಾಗಾಗಿ ಪಕ್ಕದ ಸ್ಟೇಷನ್ ಮಾಸ್ಟರರು ಕೊಡುವ ‘ಲೈನ್ ಕ್ಲಿಯರ್’ ಎಂಬ ಮಾತೇ ನೂರಾರು ಜನರ ಪ್ರಾಣಕ್ಕೆ ಆಧಾರ. ಆ ಮಾತು ನಿಜವಾಗಿ ಅವರದೇನೇ? ಈ ರೈಲಿಗೇ ಹೇಳಿದ್ದೇ? ಈಗ ಹೇಳಿದ್ದೇ, ಇಲ್ಲಾ ಹಿಂದಿನ ರೈಲಿನ ಹಳೆಯ ಅನುಮತಿಯೇ? ರೈಲ್ವೆ ಸಿಗ್ನಲ್ ವಿದ್ಯೆಯ ಬಹುಪಾಲು ಈ ಮೂರು ಪ್ರಶ್ನೆಗಳಿಂದಲೇ ಬೆಳೆದದ್ದು.

ಬೆಲೆ ತೆತ್ತು ಕಲಿತ ವಿದ್ಯೆ ಅದು. 1874ರ ಸೆಪ್ಟೆಂಬರ್ 10ರ ರಾತ್ರಿ ಇಂಗ್ಲೆಂಡಿನ ನಾರ್ವಿಚ್ ಹತ್ತಿರದ ಥಾರ್ಪ್‌ನಲ್ಲಿ, ಅಧಿಕಾರಿಯ ಸಹಿ ಬೀಳದ ತಂತಿಯೊಂದು ಹೊರಟುಹೋಯಿತು. ಒಂಟಿ ಹಳಿಯಲ್ಲಿ ಎರಡು ರೈಲು ಮುಖಾಮುಖಿಯಾಗಿ 20ಕ್ಕೂ ಹೆಚ್ಚು ಮಂದಿ ಸತ್ತರು. ಸಹಿ ಬೇಕೆಂದು ನಿಯಮವಿತ್ತು. ಆದರೆ ಆ ಕಡೆ ತಂತಿ ಓದುವವನಿಗೆ, ಕಾಗದದ ಮೇಲೆ ಸಹಿ ಬಿದ್ದಿದೆಯೋ ಇಲ್ಲವೋ ಹೇಗೆ ತಿಳಿಯಬೇಕು? ನಾಲ್ಕು ವರ್ಷಗಳ ನಂತರ, 1878ರಲ್ಲಿ, ಎಡ್ವರ್ಡ್ ಟೈಯರ್ ಇಂಥ ಅನಾಹುತ ತಡೆಯುವ ವಿದ್ಯುತ್ ಟ್ಯಾಬ್ಲೆಟ್ ಯಂತ್ರಕ್ಕೆ ಪೇಟೆಂಟ್ ಪಡೆದ.

ಅದೇ ವಂಶದ ‘ನೀಲ್ಸ್ ಬಾಲ್ ಟೋಕನ್’ ಭಾರತದ ಒಂಟಿ ಹಳಿಗಳನ್ನು ದಶಕಗಳ ಕಾಲ ಕಾಯಿತು. ಎರಡೂ ಸ್ಟೇಷನ್‌ಗಳಲ್ಲಿ ಒಂದೊಂದು ಪೆಟ್ಟಿಗೆ, ಒಳಗೆ ಲೋಹದ ಗುಂಡುಗಳು, ನಡುವೆ ತಂತಿ. ಆಚೆಯವರು ಕೈಗೂಡಿಸದೆ ಈಚೆ ಗುಂಡು ಬೀಳದು. ಒಂದು ಹೊರಬಂತೋ, ಅದು ಎರಡರಲ್ಲೊಂದು ಪೆಟ್ಟಿಗೆಗೆ ಮರಳುವವರೆಗೆ ಇನ್ನೊಂದು ಬಾರದು. ಒಂದು ಸೆಕ್ಷನ್ನಿನ ಗುಂಡು ಪಕ್ಕದ ಸೆಕ್ಷನ್ನಿನ ಪೆಟ್ಟಿಗೆಗೆ ಹೊಂದುವುದೂ ಇಲ್ಲ. ಬೆತ್ತದ ಬಳೆಗೆ ಕಟ್ಟಿದ ಚೀಲದಲ್ಲಿ ಅದನ್ನಿಟ್ಟು, ಓಡುವ ಎಂಜಿನ್ನಿನತ್ತ ಚಾಚಿ ನಿಲ್ಲುತ್ತಿದ್ದ ಪಾಯಿಂಟ್ಸ್‌ಮನ್‌ನನ್ನು ಹಿರಿಯ ಪ್ರಯಾಣಿಕರು ಮರೆತಿರಲಾರರು.

ಯಂತ್ರ ಕೆಟ್ಟಾಗ, ಫೋನಿನಲ್ಲೇ ಮಾತಾಡಬೇಕಾದಾಗ ಬೇರೊಂದು ಉಪಾಯವಿದೆ: ‘ಪ್ರೈವೇಟ್ ನಂಬರ್’. ಸ್ಟೇಷನ್ ಮಾಸ್ಟರರ ಬಳಿ ಎರಡಂಕಿಯ ಸಂಖ್ಯೆಗಳನ್ನು ಅಡ್ಡಾದಿಡ್ಡಿಯಾಗಿ ಮುದ್ರಿಸಿದ ಹಾಳೆ ಇರುತ್ತದೆ. ಅನುಮತಿಯ ಜೊತೆಗೆ ಅದರಲ್ಲಿನ ಮುಂದಿನ ಸಂಖ್ಯೆಯನ್ನು ಹೇಳಿ, ಕೂಡಲೇ ಹೊಡೆದುಹಾಕುತ್ತಾರೆ. ಕೇಳಿಸಿಕೊಂಡವರು ರಿಜಿಸ್ಟರಿನಲ್ಲಿ ಬರೆದುಕೊಳ್ಳುತ್ತಾರೆ. ಪೆನ್ಸಿಲ್ಲು, ಕಾಗದ ಬಿಟ್ಟರೆ ಬೇರೇನೂ ಬೇಡ. ಇಷ್ಟು ಕಡಿಮೆ ಸಾಮಗ್ರಿಯಲ್ಲಿ ಇಷ್ಟು ದೊಡ್ಡ ಭದ್ರತೆ ಕಟ್ಟಿದ್ದು ಮೆಚ್ಚಲೇಬೇಕಾದ ಬುದ್ಧಿವಂತಿಕೆ.

ಈ ಕತೆಯಲ್ಲಿ ಪೋತನೂರಿಗೆ ದೊಡ್ಡ ಪಾತ್ರವಿದೆ. ದಕ್ಷಿಣ ರೈಲ್ವೆಯ ಸಿಗ್ನಲ್ ಮತ್ತು ದೂರಸಂಪರ್ಕ ಕಾರ್ಯಾಗಾರ ಇರುವುದು ಇಲ್ಲಿ. ಗುಂಡಿನ ಹಂಗೇ ಇಲ್ಲದೆ, ಗುಂಡಿ ಒತ್ತಿ ಸಂಕೇತ ಕಳಿಸುವ ‘ಟೋಕನ್‌ಲೆಸ್’ ಬ್ಲಾಕ್ ಯಂತ್ರ ಇಲ್ಲಿ ತಯಾರಾಯಿತು. ಸಿಗ್ನಲ್ ಇಲಾಖೆಯವರು ಅದನ್ನು ಕರೆಯುವುದೇ ‘ಪಿಟಿಜೆ’ ಎಂದು, ಪೋತನೂರು ಜಂಕ್ಷನ್ನಿನ ಸಂಕೇತಾಕ್ಷರದಿಂದ. ಎರಡೂ ಕಡೆಯವರ ಸಹಕಾರವಿಲ್ಲದೆ ಇಲ್ಲೂ ದಾರಿ ತೆರೆಯದು.

ನೆರೆಯವರ ಮಾತನ್ನು ನಂಬಿ ನಡೆಯಬೇಕಾದ ಈ ಪಾಡು ಇಂಟರ್‌ನೆಟ್ಟಿನ ರೌಟರುಗಳದ್ದೂ ಹೌದು. ಯಾವ ಊರಿಗೆ ತನ್ನ ಮೂಲಕ ದಾರಿ ಇದೆ ಎಂದು ಪ್ರತಿ ರೌಟರ್ ನೆರೆಯದಕ್ಕೆ ಹೇಳುತ್ತದೆ, ನೆರೆಯದು ನಂಬುತ್ತದೆ. 1988ರಲ್ಲಿ ದಾಖಲಾದ ಆರ್‌ಐಪಿ ನಿಯಮಾವಳಿಯಲ್ಲಿ ಹೇಳುವವರ ಗುರುತು ಕೇಳುವ ಏರ್ಪಾಡೇ ಇರಲಿಲ್ಲ. ಥಾರ್ಪ್ ಆಗಿ ಶತಮಾನವೇ ಕಳೆದಿತ್ತು! 1998ರ ಹೊತ್ತಿಗೆ ರೌಟರುಗಳ ಇನ್ನೆರಡು ನಿಯಮಾವಳಿಗಳಾದ ಓಎಸ್‌ಪಿಎಫ್ ಮತ್ತು ಬಿಜಿಪಿ ಎರಡಕ್ಕೂ ಎಂಡಿ5 ಮುದ್ರೆ ಬಂತು. ಎರಡೂ ತುದಿಗಳಿಗೆ ಮಾತ್ರ ಗೊತ್ತಿರುವ ಗುಟ್ಟನ್ನು ಸಂದೇಶದೊಂದಿಗೆ ಬೆರೆಸಿ ತೆಗೆದ ಗುರುತು ಅದು. ಓಎಸ್‌ಪಿಎಫ್‌ನಲ್ಲಿ ಪ್ರತಿ ಸಂದೇಶಕ್ಕೂ ಕ್ರಮಸಂಖ್ಯೆ ಇದೆ. ಕದ್ದಿಟ್ಟ ಹಳೆಯ ಸಂದೇಶವನ್ನು ಮತ್ತೆ ಕಳಿಸಿದರೆ ನಡೆಯಬಾರದೆಂದೇ ಆ ಏರ್ಪಾಡು. ಪ್ರೈವೇಟ್ ನಂಬರನ್ನು ಹೊಡೆದುಹಾಕುವುದೂ ಅದಕ್ಕೇ.

ಗುಟ್ಟಾಗಿಡುವುದು ಎರಡನೆಯ ಮಾತು. ಲೈನ್ ಕ್ಲಿಯರ್ ಅನ್ನು ಯಾರು ಕೇಳಿಸಿಕೊಂಡರೂ ಅಪಾಯವಿಲ್ಲ, ಸುಳ್ಳಾಗಿ ಹೇಳಿದರೆ ಅಪಾಯ. ರೌಟರುಗಳಲ್ಲೂ ದೃಢೀಕರಣವೇ ಮೊದಲು. ಜಾಲದ ನಕ್ಷೆಯೇ ಹೊರಬೀಳಬಾರದು ಎನ್ನುವವರಿಗೆ, ಓಎಸ್‌ಪಿಎಫ್‌ನ ಮೂರನೆಯ ಆವೃತ್ತಿಯನ್ನು ಐಪಿಸೆಕ್ ಎಂಬ ಭದ್ರತಾ ನಿಯಮಾವಳಿಯಿಂದ ಗೂಢಲಿಪಿಯಾಗಿಸುವ ವಿಧಾನ 2006ರಲ್ಲಿ ಬಂತು.

ಆದರೆ ನೆರೆಯವರು ಅಸಲಿಯಾಗಿದ್ದೂ ಅವರು ಹೇಳುವ ದಾರಿ ತಪ್ಪಾಗಿರಬಹುದು. 2008ರ ಫೆಬ್ರವರಿ 24ರಂದು ಪಾಕಿಸ್ತಾನ್ ಟೆಲಿಕಾಂ ತನ್ನ ದೇಶದೊಳಗೆ ಯೂಟ್ಯೂಬ್ ತಡೆಯಲು ಮಾಡಿದ ಘೋಷಣೆ ಹೊರಗೆ ಸೋರಿ, ಸುಮಾರು ಎರಡು ಗಂಟೆ ಜಗತ್ತಿನ ಬಹುಭಾಗಕ್ಕೆ ಯೂಟ್ಯೂಬ್ ಸಿಗಲಿಲ್ಲ. 2021ರ ಏಪ್ರಿಲ್‌ನಲ್ಲಿ ಭಾರತದ್ದೇ ಒಂದು ದೊಡ್ಡ ಜಾಲ ತನ್ನದಲ್ಲದ 30,000ಕ್ಕೂ ಹೆಚ್ಚು ವಿಳಾಸ ಸಮೂಹಗಳನ್ನು ತನ್ನವೆಂದು ಸಾರಿತು. ಇಂಥದ್ದಕ್ಕೆ ಎಂಡಿ5 ಮದ್ದಲ್ಲ. ಯಾವ ವಿಳಾಸವನ್ನು ಯಾವ ಜಾಲ ಸಾರಬಹುದೆಂದು ಒಡೆಯರೇ ಸಹಿ ಹಾಕಿಡುವ ಆರ್‌ಪಿಕೆಐ ವ್ಯವಸ್ಥೆ ಅದಕ್ಕೆಂದೇ ಹುಟ್ಟಿದ್ದು.

ಎಂಡಿ5 ದುರ್ಬಲವೆಂದು ಸಾಬೀತಾದ ಮೇಲೆ, 2010ರಲ್ಲಿ, ಸಂಪರ್ಕ ಕಡಿಯದೆಯೇ ಗುಟ್ಟಿನ ಕೀಲಿ ಬದಲಿಸಬಲ್ಲ ಟಿಸಿಪಿ-ಎಒ ಎಂಬ ವಿಧಾನ ಬಂತು. ಆದರೂ ಎಷ್ಟೋ ಜಾಲಗಳು ಇಂದಿಗೂ 1998ರ ಮುದ್ರೆಯನ್ನೇ ನೆಚ್ಚಿಕೊಂಡಿವೆ, ಒಮ್ಮೆ ಇಟ್ಟ ಕೀಲಿಯನ್ನು ವರ್ಷಗಟ್ಟಲೆ ಬದಲಿಸುವುದಿಲ್ಲ. ಒಮ್ಮೆ ಹೇಳಿದ ಸಂಖ್ಯೆಯನ್ನು ಇನ್ನೊಂದು ರೈಲಿಗೆ ಬಳಸಲು ಯಾವ ಸ್ಟೇಷನ್ ಮಾಸ್ಟರರಿಗೂ ಅನುಮತಿ ಇಲ್ಲ.