ಡಂಗುರದಿಂದ ಫೋನಿನ ತನಕ: ಜಾಹೀರಾತು ನಮ್ಮ ಗುರುತು ಹಿಡಿದ ಕಥೆ

ಹಿಂದೆ ನಮ್ಮ ಆಲಮೇಲದ ಕಡೆ ಎಲ್ಲರಿಗೂ ಸುದ್ದಿ ಮುಟ್ಟಿಸಬೇಕಾದರೆ ಡಂಗುರ ಸಾರಿಸುತ್ತಿದ್ದರು. ಹಲಗಿ ಬಾರಿಸುತ್ತ ಓಣಿ ಓಣಿ ತಿರುಗಿ ಕೂಗಿದರೆ, ಗೌಡರಿಗೂ ಕೂಲಿಯವರಿಗೂ ಒಂದೇ ಮಾತು ಕೇಳುತ್ತಿತ್ತು. ಮುಂದೆ ಗೋಡೆ ಬರಹ ಬಂತು, ಜೀಪಿನ ಮೇಲೆ ಮೈಕ್ ಬಂತು. 1967ರಲ್ಲಿ ವಿವಿಧ ಭಾರತಿಯಲ್ಲಿ, 1976ರಲ್ಲಿ ದೂರದರ್ಶನದಲ್ಲಿ ಜಾಹೀರಾತು ಶುರುವಾಯಿತು. ಆದರೆ ಇವುಗಳಲ್ಲಿ ಯಾವುದಕ್ಕೂ ಕೇಳುವವರು ಯಾರೆಂದು ಗೊತ್ತಿರಲಿಲ್ಲ.

ಈಗ ಹಾಗಿಲ್ಲ. ಫೋನಿನಲ್ಲಿ ಒಮ್ಮೆ "ಬೋರ್ ಹಾಕಿಸಲು ಸಾಲ" ಎಂದು ಹುಡುಕಿ ನೋಡಿರಿ. ಆಮೇಲೆ ಹಾಡು ಕೇಳಲು ಹೋದರೂ ಸಾಲದ ಜಾಹೀರಾತೇ ಎದುರಿಗೆ ಬರಬಹುದು. ಪಕ್ಕದಲ್ಲಿ ಕೂತ ಕಾಕಾನ ಫೋನಿನಲ್ಲಿ ಬೇರೆಯದೇ ಜಾಹೀರಾತು ಇರುತ್ತದೆ.

ಇದರ ಬೀಜ ಬಿದ್ದದ್ದು 1994ರಲ್ಲಿ. ಅಮೆರಿಕದ ನೆಟ್‌ಸ್ಕೇಪ್ ಕಂಪನಿಯ ಲೂ ಮೊಂಟುಲ್ಲಿ ಎಂಬ ಎಂಜಿನಿಯರ್ 'ಕುಕಿ' ಎಂಬ ಸಣ್ಣ ಗುರುತುಚೀಟಿ ಕಂಡುಹಿಡಿದರು. ಒಮ್ಮೆ ಬಂದ ಗಿರಾಕಿ ಮತ್ತೆ ಬಂದರೆ ಅಂಗಡಿಗೆ ಗುರುತು ಸಿಗಲಿ ಎಂಬುದಷ್ಟೇ ಅದರ ಉದ್ದೇಶ. ಆದರೆ ಜಾಹೀರಾತು ಕಂಪನಿಗಳು ಅದೇ ಚೀಟಿ ಹಿಡಿದು, ನಾವು ಯಾವ ಯಾವ ತಾಣಕ್ಕೆ ಹೋದೆವು ಎಂದು ಹಿಂಬಾಲಿಸತೊಡಗಿದವು. ಮುಂದೆ ಫೋನ್ ಬಂದ ಮೇಲೆ ನಾವು ಇರುವ ಜಾಗವೂ ಲೆಕ್ಕಕ್ಕೆ ಸೇರಿತು.

ಇದರ ಅಪಾಯ ಜಗತ್ತಿಗೆ ಗೊತ್ತಾದದ್ದು 2018ರಲ್ಲಿ. ಸುಮಾರು 8.7 ಕೋಟಿ ಫೇಸ್‌ಬುಕ್ ಬಳಕೆದಾರರ ಮಾಹಿತಿ, ಚುನಾವಣಾ ಪ್ರಚಾರದ ಕೆಲಸ ಮಾಡುತ್ತಿದ್ದ ಕೇಂಬ್ರಿಜ್ ಅನಲಿಟಿಕಾ ಕಂಪನಿಗೆ ಹೋಗಿರಬಹುದೆಂದು ಫೇಸ್‌ಬುಕ್ ತಾನೇ ಹೇಳಿತು. ಅದರಲ್ಲಿ ಭಾರತದವರು 5.6 ಲಕ್ಷದಷ್ಟು.

ಅಷ್ಟರೊಳಗೆ ನಮ್ಮ ದೇಶದಲ್ಲಿ ಒಂದು ದೊಡ್ಡ ತೀರ್ಪು ಬಂದಿತ್ತು. ಅದಕ್ಕೆ ಕಾರಣರಾದವರು ನಮ್ಮ ಕರ್ನಾಟಕದವರೇ. ರಾಜ್ಯ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ ಆಧಾರ್ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದರು. ಆಗ ಅವರಿಗೆ 86 ವರ್ಷ. ಸಂಸತ್ತಿನ ಕಾನೂನೇ ಇಲ್ಲದೆ ಜನರ ಬೆರಳಚ್ಚು ತೆಗೆದುಕೊಳ್ಳುವುದು ಸರಿಯೇ ಎಂಬುದು ಅವರ ಪ್ರಶ್ನೆ. ಖಾಸಗಿತನ ಮೂಲಭೂತ ಹಕ್ಕೇ ಅಲ್ಲ ಎಂದು ಸರ್ಕಾರ ವಾದಿಸಿತು. ಅದಕ್ಕೆ 1954 ಮತ್ತು 1962ರ ಹಳೆಯ ತೀರ್ಪುಗಳನ್ನು ಮುಂದಿಟ್ಟಿತು. 1954ರ ತೀರ್ಪು 8 ನ್ಯಾಯಮೂರ್ತಿಗಳದ್ದು. ಹಾಗಾಗಿ ಈ ಸಲ 9 ಮಂದಿ ಕೂರಬೇಕಾಯಿತು. 2017ರ ಆಗಸ್ಟ್ 24ರಂದು 9 ಮಂದಿಯೂ ಒಂದೇ ಮಾತು ಹೇಳಿದರು: ಖಾಸಗಿತನ ಮೂಲಭೂತ ಹಕ್ಕು. ಮಾಹಿತಿ ಕಾಯಲು ಗಟ್ಟಿ ವ್ಯವಸ್ಥೆ ಮಾಡಿ ಎಂದೂ ಸರ್ಕಾರಕ್ಕೆ ತಿಳಿಸಿದರು.

ಕಾನೂನು ಬರಲು ಮತ್ತೆ 6 ವರ್ಷ ಹಿಡಿಯಿತು. 2023ರ ಆಗಸ್ಟ್‌ನಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಆಯಿತು. ಒಪ್ಪಿಗೆ ಕೇಳುವ ಕಂಪನಿ ಯಾವ ಮಾಹಿತಿ, ಯಾಕೆ ಬೇಕು ಎಂದು ತಿಳಿಸಬೇಕು. ನಾವು ಬಯಸಿದರೆ ಅದು ಕನ್ನಡದಲ್ಲೇ ಸಿಗಬೇಕು. ಕೊಟ್ಟ ಒಪ್ಪಿಗೆಯನ್ನು ಕೊಟ್ಟಷ್ಟೇ ಸುಲಭವಾಗಿ ಹಿಂಪಡೆಯಬಹುದು. 18 ವರ್ಷದೊಳಗಿನ ಮಕ್ಕಳನ್ನು ಗುರಿಮಾಡಿ ಜಾಹೀರಾತು ತೋರಿಸುವಂತಿಲ್ಲ. ದಂಡ 250 ಕೋಟಿ ರೂಪಾಯಿವರೆಗೆ. ಇದರ ನಿಯಮಗಳು ಹೊರಬಿದ್ದದ್ದು 2025ರ ನವೆಂಬರ್‌ನಲ್ಲಿ. ಮುಖ್ಯ ಹೊಣೆಗಳನ್ನು ಪಾಲಿಸಲು ಕಂಪನಿಗಳಿಗೆ 18 ತಿಂಗಳ ಗಡುವು ಸಿಕ್ಕಿದೆ. 2024ರ ಅಕ್ಟೋಬರ್‌ನಲ್ಲಿ ತೀರಿಕೊಂಡ ಪುಟ್ಟಸ್ವಾಮಿಯವರು ಅದನ್ನು ನೋಡಲಿಲ್ಲ.

ಇದೆಲ್ಲ ಬೆಂಗಳೂರು, ದಿಲ್ಲಿಯ ಮಾತು ಎನ್ನಬೇಡಿ. ಬಿತ್ತನೆ ಹೊತ್ತಿಗೆ ರೊಕ್ಕದ ಅಡಚಣೆ ಇದ್ದವರ ಕಣ್ಣಿಗೇ ಸಾಲದ ಆ್ಯಪ್ ಬೀಳುತ್ತದೆ. ಅವಸರದಲ್ಲಿ 'ಅಲೋ' ಒತ್ತಿದರೆ ಫೋನಿನಲ್ಲಿರುವ ಎಲ್ಲ ನಂಬರುಗಳೂ ಅವರ ಕೈ ಸೇರುತ್ತವೆ. ಕಂತು ತಪ್ಪಿದರೆ ಬೀಗರಿಗೆ ಫೋನ್ ಹೋಗಿ ಮಾನ ಹೋಗುತ್ತದೆ. ಇಂಥ ಕಾಟ ಹೆಚ್ಚಾದ ಮೇಲೆಯೇ ರಿಸರ್ವ್ ಬ್ಯಾಂಕ್ 2022ರ ಸೆಪ್ಟೆಂಬರ್‌ನಲ್ಲಿ ಸಾಲದ ಆ್ಯಪ್‌ಗಳು ಕಾಂಟ್ಯಾಕ್ಟ್, ಕಾಲ್ ಪಟ್ಟಿ, ಫೋಟೊ ಮುಟ್ಟಬಾರದು ಎಂದು ಹೇಳಿದ್ದು. ಯಾವುದಾದರೂ ಸಾಲದ ಆ್ಯಪ್ ಇವನ್ನು ಕೇಳಿದರೆ ಅಲ್ಲಿಗೇ ಬಿಟ್ಟುಬಿಡಿ. ಮೋಸ ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ.

ಡಂಗುರ ಸಾರುವವನು ನಮ್ಮ ಬಾಗಿಲಲ್ಲಿ ನಿಂತು ಕೂಗಿ ಮುಂದೆ ಹೋಗುತ್ತಿದ್ದ, ಒಳಗೆ ಬರುತ್ತಿರಲಿಲ್ಲ. ಈಗಿನವರು ಒಳಗೆ ಬರಲು ಕೇಳುತ್ತಾರೆ. "ಯಾಕ ಬೇಕ್ರಿ?" ಎಂದು ಕೇಳುವ ಹಕ್ಕನ್ನು ಆ ಹಿರಿಯರು ಗಳಿಸಿಕೊಟ್ಟಿದ್ದಾರೆ. ಮುಂದಿನ ಸಲ 'ಅಲೋ' ಒತ್ತುವ ಮೊದಲು ಅದನ್ನು ಕೇಳೋಣ.